ಗಾಲಿ ಹುಡುಕುತ್ತ ಕೊಯಮತ್ತೂರಿಗೆ

ತಾಳವಾಡಿಯ ನಮ್ಮ ಹಿರಿಯರ ಮನೆಯ ಕೊಟ್ಟಿಗೆಯಲ್ಲಿ, ಎತ್ತುಗಳಿಲ್ಲದೆ ಬರಿದಾದ ಗೋದಲಿಯ ಪಕ್ಕದಲ್ಲಿ, ಹಳೆಯದೊಂದು ಕಾರು ನಿಂತಿದೆ. ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿದ್ದ ಹಿಂದೂಸ್ಥಾನ್ ಮೋಟಾರ್ಸ್ ಕಾರ್ಖಾನೆಯಿಂದ ೧೯೫೦ರ ದಶಕದ ಮೊದಲ ವರ್ಷಗಳಲ್ಲಿ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಲ್ಲಿ ಹೊರಬಂದ ಗಾಡಿ ಅದು. ಹೆಸರು ನಮ್ಮದಾದರೂ ಮೂಲ ಇಂಗ್ಲೆಂಡಿನದು. ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕ ರೂಪಿಸಿ ೧೯೪೮ರಲ್ಲಿ ಬೆಳಕಿಗೆ ಬಂದ ಮಾರಿಸ್ ಮೈನರ್ ಕಾರೇ ಇಲ್ಲಿ ಈ ಹೆಸರನ್ನು ತಳೆಯಿತು. ಮಾದರಿಯ ಗಾಡಿ ತೀರ ಇಕ್ಕಟ್ಟಾಗಿ ಕಂಡಿತೆಂದು ಆತ ಅದನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿ, ಹೋಳುಗಳನ್ನು ನಾಲ್ಕು ಅಂಗುಲ ದೂರ ಸರಿಸಿ, ಈಗ ಸರಿಯಾಯಿತು ಎಂದನಂತೆ. ಆ ಕಾಲದ ಕಾರುಗಳಿಗೆ ಎತ್ತರದ ಗಾಲಿಗಳಿದ್ದರೆ ಈತ ೧೪ ಅಂಗುಲದ ಪುಟ್ಟ ಗಾಲಿಗಳನ್ನು ಆರಿಸಿಕೊಂಡನು. ಈ ಲೇಖನ ಆ ಪುಟ್ಟ ಗಾಲಿಗಳನ್ನು ಕುರಿತದ್ದು.

ನಮ್ಮ ತಂದೆಯವರು ಈ ಕಾರನ್ನು ೧೯೬೬ರಲ್ಲಿ ಕುನ್ನೂರಿನ ಚಹಾತೋಟವೊಂದರಿಂದ ಎರಡನೆಯ ಕೈಯಾಗಿ ಕೊಂಡು ತಂದರು. ನಮ್ಮ ಬೀದಿಯಲ್ಲಿ ಬೇರೆ ಕಾರಿರಲಿಲ್ಲವಾಗಿ ಅದು ಮನೆಯ ಸ್ವತ್ತಾಗಿ ಉಳಿಯದೆ ಬೀದಿಯ ಸ್ವತ್ತಾಯಿತು. ಹಾವು ಕಡಿದವರು, ಹೆರಿಗೆಯ ನೋವು ತಿನ್ನುವವರು, ಪರೀಕ್ಷೆಗೆ ಹೊರಟು ಬಸ್ಸು ತಪ್ಪಿಸಿಕೊಂಡವರು, ಎಲ್ಲರನ್ನೂ ಅದು ದಿಂಬಂ ಘಾಟಿ ಇಳಿಸಿ ಸತ್ಯಮಂಗಲಕ್ಕೆ ಮುಟ್ಟಿಸಿದೆ. ತಂದೆಯವರಿಗೆ ಒಂದು ನಿಯಮವಿತ್ತು. ಘಾಟಿಯ ತಲೆಯಲ್ಲಿ ಗಾಡಿ ನಿಲ್ಲಿಸಿ, ಕೆಳಗಿಳಿದು, ನಾಲ್ಕು ಗಾಲಿಗಳನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಒಂದೊಂದು ನಟ್ಟನ್ನೂ ಪಾನಾ ಹಾಕಿ ನೋಡಿದ ಮೇಲೆಯೇ ಮುಂದಿನ ಪ್ರಯಾಣ. ಬಂಡಿ ಹೂಡುವಾತ ಕಡಾಣಿ ನೋಡದೆ ಹೊರಡುವುದುಂಟೆ ಎಂದು ಅವರ ಪ್ರಶ್ನೆ. ೧೯೯೪ರ ಒಂದು ರಾತ್ರಿ ನಮ್ಮ ಅಕ್ಕ ಹಿಂದಿನ ಸೀಟಿನಲ್ಲಿ ಹೆರಿಗೆಯ ನೋವಿನಿಂದ ನರಳುತ್ತಿದ್ದಾಗಲೂ ಅವರು ಈ ನಿಯಮ ಬಿಡಲಿಲ್ಲ. ಅಕ್ಕ ಬೈದಳು, ಅಮ್ಮ ಅತ್ತರು. ಆ ರಾತ್ರಿ ಹಿಂದಿನ ಎಡಗಾಲಿಯ ಒಂದು ನಟ್ಟು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಬೆಳಗಿನ ಜಾವ ಸತ್ಯಮಂಗಲದಲ್ಲಿ ಹುಟ್ಟಿದ ಆ ಮಗುವೇ ಈಗ ಮದುವೆಗೆ ನಿಂತಿರುವ ನನ್ನ ಸೋದರಳಿಯ.

ತಂದೆಯವರು ಕಾಲವಾದ ಬಳಿಕ ಇಪ್ಪತ್ತು ವರ್ಷ ನಿಂತೇ ಇದ್ದ ಕಾರನ್ನು ಅಳಿಯ ಬಿಡಿಸಿ ರಿಪೇರಿ ಮಾಡಿಸಿದ್ದಾನೆ. ಎಂಜಿನ್ನು ಉಸಿರಾಡುತ್ತದೆ, ಬ್ರೇಕು ಹಿಡಿಯುತ್ತದೆ. ಹುಡುಗಿ ಸತ್ಯಮಂಗಲದ ಕಡೆಯವಳು. ಬರುವ ವೈಶಾಖದಲ್ಲಿ ಮದುಮಗಳನ್ನು ಅಜ್ಜನ ಕಾರಿನಲ್ಲೇ ಘಾಟಿ ಹತ್ತಿಸಿ ಮನೆ ತುಂಬಿಸಿಕೊಳ್ಳಬೇಕೆಂಬುದು ಅವನ ಸಂಕಲ್ಪ. ಉಳಿದದ್ದು ಗಾಲಿಯೊಂದೇ. ಸ್ಟೆಪ್ನಿಯೂ ಸೇರಿ ಐದು ಗಾಲಿಗಳಲ್ಲಿ ಒಂದರ ಅಂಚನ್ನು ತುಕ್ಕು ತಿಂದಿತ್ತು. ಇನ್ನೊಂದರ ನಟ್ಟಿನ ರಂಧ್ರದಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು. ಎರಡು ಗಾಲಿ ಬೇಕು. ಇಲ್ಲವೆ ನಾಲ್ಕನ್ನೂ ಹೊಸದಾಗಿ ಹಾಕಿಸಬೇಕು. “ಮಾವ, ನೀವೂ ಬನ್ನಿ, ಕೊಯಮತ್ತೂರಿಗೆ ಹೋಗಿ ನೋಡಿಬರೋಣ” ಎಂದ. ಶನಿವಾರ ಶಾಲೆಗೆ ರಜೆಯಿತ್ತು, ಹೊರಟೆವು.

ತಾಳವಾಡಿಯಿಂದ ಕೊಯಮತ್ತೂರಿಗೆ ಹೋಗುವ ದಾರಿ ನಮ್ಮ ಜನರ ಚರಿತ್ರೆಯ ದಾರಿಯೂ ಹೌದು. ೧೯೫೬ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲಿ ಉಳಿದೆವು. ಮಾತು ಬೆಟ್ಟದ ಆಚೆಯದು, ಕಚೇರಿ ಬೆಟ್ಟದ ಕೆಳಗಿನದು. ಆದ್ದರಿಂದ ಈ ಘಾಟಿಯ ೨೭ ಹಿಮ್ಮುರಿ ತಿರುವುಗಳು ನಮ್ಮವರಿಗೆ ಮಗ್ಗಿಯಂತೆ ಬಾಯಿಪಾಠವಾಗಿವೆ. ೨೦೧೩ರಲ್ಲಿ ಈ ಅರಣ್ಯ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ೨೦೨೨ರಲ್ಲಿ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಬೆಳಗಿನ ಮಂಜು ಕರಗುವ ಮುನ್ನ ಹಾಸನೂರನ್ನು ದಾಟಿ ದಿಂಬಂ ತಲೆಗೆ ಬಂದಾಗ ಕೆಳಗಿನ ಬಯಲು ಹಾಲು ಚೆಲ್ಲಿದ ನೆಲದಂತೆ ಕಾಣುತ್ತಿತ್ತು. ಅಳಿಯನ ಪಿಕ್‌ಅಪ್ ಗಾಡಿಯ ಹಿಂದೆ ಗೋಣಿ ಹೊದಿಸಿದ ಐದು ಹಳೆಯ ಗಾಲಿಗಳು ಪ್ರತಿ ತಿರುವಿನಲ್ಲಿಯೂ ಒಂದಕ್ಕೊಂದು ತಾಗಿ ಗಂಟೆಯಂತೆ ಸದ್ದು ಮಾಡುತ್ತಿದ್ದವು. ಬಣ್ಣಾರಿಯಲ್ಲಿ ಅಮ್ಮನವರಿಗೆ ಕೈಮುಗಿದು, ಸತ್ಯಮಂಗಲದಲ್ಲಿ ಭವಾನಿ ಹೊಳೆಯನ್ನು ದಾಟಿ, ಪುಳಿಯಂಪಟ್ಟಿ, ಅಣ್ಣೂರುಗಳ ಮೇಲೆ ಕೊಯಮತ್ತೂರನ್ನು ಸೇರಿದೆವು.

ಅಂಗಡಿಗೆ ಹೋಗುವ ಮುನ್ನ ಅವಿನಾಶಿ ರಸ್ತೆಯ ಜಿ.ಡಿ. ಕಾರು ವಸ್ತುಸಂಗ್ರಹಾಲಯವನ್ನು ನೋಡೋಣವೆಂದೆ. ಕೊಳ್ಳುವ ಮೊದಲು ಕಣ್ಣಿಗೆ ಸ್ವಲ್ಪ ಶಿಕ್ಷಣ ದೊರೆಯಲಿ ಎಂಬ ಮಾಸ್ತರ ಬುದ್ಧಿ! ಜಿ.ಡಿ. ನಾಯ್ಡು (೧೮೯೩–೧೯೭೪) ಅವರ ಹೆಸರನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ೧೯೨೦ರಲ್ಲಿ ಒಂದೇ ಬಸ್ಸನ್ನು ತಾವೇ ನಡೆಸುತ್ತ ಪೊಳ್ಳಾಚಿ–ಪಳನಿ ನಡುವೆ ಸಾರಿಗೆ ಆರಂಭಿಸಿದ ಅವರು ಮುಂದೆ ಯಂತ್ರವಿದ್ಯೆಯಲ್ಲಿ ಈ ನಗರಕ್ಕೇ ದಾರಿ ತೋರಿದರು. ಅವರ ಹೆಸರಿನ ಸಂಸ್ಥೆ ೨೦೧೫ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ನಾನು ಕಾರುಗಳಿಗಿಂತ ಗಾಲಿಗಳನ್ನೇ ಹೆಚ್ಚು ನೋಡಿದೆ. ಮೋಟಾರಿನ ಗಾಲಿ ಮೊದಲು ನಮ್ಮ ಬಂಡಿಯ ಗಾಲಿಯಂತೆಯೂ ಸೈಕಲ್ ಗಾಲಿಯಂತೆಯೂ ಕಡ್ಡಿಗಳ ಮೇಲೆ ನಿಂತಿತ್ತು. ಮರದ ಕಡ್ಡಿ ಬಿಸಿಲಿಗೆ ಒಣಗಿ ಸಡಿಲವಾಗುತ್ತದೆ. ತಂತಿಯ ಗಾಲಿ ಹಗುರ, ಚೆಲುವು. ಆದರೆ ತಂತಿಗಳ ಬಿಗಿಯನ್ನು ಆಗಾಗ ಸರಿಪಡಿಸುತ್ತಿರಬೇಕು. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಗಾಲಿ ಅಗ್ಗ, ದೃಢ. ಪೆಟ್ಟು ಬಿದ್ದರೆ ಒಡೆಯುವ ಬದಲು ಸಾಮಾನ್ಯವಾಗಿ ಬಾಗುತ್ತದೆ. ನಮ್ಮ ಬೇಬಿಯದು ಈ ಕೊನೆಯ ಜಾತಿ.

ಅಲ್ಲಿಂದ ಹೊಸ ಗಾಲಿಗಳ ಅಂಗಡಿಯೊಂದಕ್ಕೆ ಹೋದೆವು. ಕನ್ನಡಿಯಂತೆ ಹೊಳೆಯುವ ಅಲಾಯ್ ಗಾಲಿಗಳನ್ನು ಕಂಡು ಅಳಿಯನ ಮುಖವೂ ಹೊಳೆಯಿತು. ೧೪ ಅಂಗುಲದವು, ನಾಲ್ಕು ರಂಧ್ರಗಳು. ನಮ್ಮ ಗಾಲಿಗೂ ನಾಲ್ಕೇ ರಂಧ್ರ. ಎದುರುಬದುರು ರಂಧ್ರಗಳ ನಡುಬಿಂದುಗಳ ಅಂತರ ನಾಲ್ಕು ಅಂಗುಲ. ಅಂಗಡಿಯ ಗಾಲಿಯದು ೧೦೦ ಮಿಲಿಮೀಟರು. ಇಂದಿನ ಅನೇಕ ಸಣ್ಣ ಕಾರುಗಳ ಅಳತೆ ಇದೇ. “ಸರಿಯಾಗಿದೆ ಮಾವ! ನಾಲ್ಕು ಅಂಗುಲವೆಂದರೆ ಹತ್ತು ಸೆಂಟಿಮೀಟರು ತಾನೆ? ಅಂಗುಲವೆಂದರೆ ಎರಡೂವರೆ ಸೆಂಟಿಮೀಟರು ಎಂದು ನೀವೇ ಅಲ್ಲವೆ ಐದನೆಯ ಇಯತ್ತೆಯಲ್ಲಿ ಹೇಳಿಕೊಟ್ಟದ್ದು?” ಎಂದ. ಅಂಗಡಿಯ ಹುಡುಗನೂ ನಟ್ಟು ಬಿಗಿಯುವಾಗ ಅದು ತಾನಾಗಿ ಎಳೆದುಕೊಂಡು ಕೂರುತ್ತದೆಂದು ಧೈರ್ಯ ಹೇಳಿದ.

ನಾನು ಸುಮ್ಮನಾದೆ. ಹೇಳಿಕೊಟ್ಟದ್ದು ನಿಜ. ಮಕ್ಕಳಿಗೆ ಲೆಕ್ಕ ಸುಲಭವಾಗಲೆಂದು ಮೂವತ್ತು ವರ್ಷ ಹಾಗೆಯೇ ಹೇಳುತ್ತ ಬಂದಿದ್ದೇನೆ. ಅಂಗುಲವೆಂದರೆ ೨.೫೪ ಸೆಂಟಿಮೀಟರು, ನಾಲ್ಕರಿಂದ ಗುಣಿಸಿದರೆ ೧೦೧.೬ ಮಿಲಿಮೀಟರು. ಕಪ್ಪುಹಲಗೆಯ ಮೇಲೆ ನಾನು ಒರೆಸಿಬಿಟ್ಟ ೧.೬ ಮಿಲಿಮೀಟರು ದಿಂಬಂ ಘಾಟಿಯಲ್ಲಿ ಏನು ಮಾಡೀತು ಎಂಬುದನ್ನು ನಾನು ಎಂದೂ ಯೋಚಿಸಿರಲಿಲ್ಲ. “ತಪ್ಪು ನನ್ನದಪ್ಪ. ಬಲ್ಲವರನ್ನು ಕೇಳದೆ ಇದನ್ನು ಕೊಳ್ಳುವುದು ಬೇಡ” ಎಂದೆ. ಅವನಿಗೆ ಹಿಡಿಸಲಿಲ್ಲ, ಉಕ್ಕಡಂ ತಲುಪುವವರೆಗೂ ಮಾತಾಡಲಿಲ್ಲ.

ಉಕ್ಕಡಂ ಕಡೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸುತ್ತ ಹೋದಾಗ, ಒಬ್ಬರು ಹಳೆಯ ಕಾರುಗಳನ್ನು ಮಾತ್ರ ಮುಟ್ಟುವ ಮುದುಕರೊಬ್ಬರ ವರ್ಕ್‌ಶಾಪನ್ನು ತೋರಿಸಿದರು. ನಾನು ತಮಿಳಿನಲ್ಲಿ ಆರಂಭಿಸಿದೆ; ನಮ್ಮಿಬ್ಬರ ಮಾತು ಕೇಳಿ ಅವರು ಕನ್ನಡದಲ್ಲಿಯೇ ಉತ್ತರ ಕೊಟ್ಟರು! ಕೊಯಮತ್ತೂರಿನ ದೇವಾಂಗರಲ್ಲಿ ಅನೇಕರ ಮನೆಮಾತು ಕನ್ನಡ. ಓದುಬರಹ ತಮಿಳಿನಲ್ಲಿ, ಒಲೆಯ ಮುಂದಿನ ಮಾತು ಕನ್ನಡದಲ್ಲಿ. ತಲೆಮಾರುಗಳ ಹಿಂದೆ ಘಾಟಿ ಇಳಿದ ಆ ಮಾತು ತಮಿಳಿನ ಧಾಟಿಯಲ್ಲಿ ಕಿವಿಗೆ ಬಿದ್ದಾಗ ದೂರದ ನೆಂಟರ ಮನೆಯ ಜಗಲಿ ಹತ್ತಿದಂತಾಯಿತು.

ಹಿರಿಯರು ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದರು. ೧.೬ ಮಿಲಿಮೀಟರು ವ್ಯತ್ಯಾಸವೆಂದರೆ ಒಂದೊಂದು ರಂಧ್ರವೂ ೦.೮ ಮಿಲಿಮೀಟರು ಒಳಕ್ಕೆ ಸರಿದಿರುತ್ತದೆ. ನಟ್ಟಿನ ಮೂತಿ ಶಂಕುವಿನಾಕಾರದ್ದು. ಅದು ರಂಧ್ರದ ಬಟ್ಟಲಿನಲ್ಲಿ ಸುತ್ತಲೂ ಕೂತರೆ ಮಾತ್ರ ಹಿಡಿತ. ರಂಧ್ರ ಸರಿದಿದ್ದರೆ ಒಂದೇ ಮಗ್ಗುಲಿಗೆ ಒರಗುತ್ತದೆ, ಬೋಲ್ಟು ಬಾಗಿಯೇ ನಿಲ್ಲುತ್ತದೆ. ಗಾಲಿ ಒಂದು ಸುತ್ತು ಬಂದಾಗಲೆಲ್ಲ ಆ ಬಾಗಿದ ಬೋಲ್ಟು ಮೀಟಿಸಿಕೊಳ್ಳುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಮುರಿಯುವುದಿಲ್ಲವೆ, ಅದೇ ರೀತಿ. ಬಯಲುದಾರಿಯಲ್ಲಿ ಬಹುಕಾಲ ಬಾಳಬಹುದು; ಅಡ್ಡಭಾರ ಬೀಳುವುದು ತಿರುವಿನಲ್ಲಿ.

ಇನ್ನೂ ಕೆಲವು ವಿಷಯಗಳನ್ನು ಅವರು ತಿಳಿಸಿದರು. ಹಳೆಯ ಗಾಡಿ ಇಟ್ಟುಕೊಂಡಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತೇನೆ. ಗಾಲಿ ಹಬ್ಬಿಗೆ ಅಂಟುವ ಮುಖ ಅದರ ಅಗಲದ ನಡುಗೆರೆಯಿಂದ ಎಷ್ಟು ಸರಿದಿದೆ ಎಂಬುದನ್ನು ಅಳೆಯಬೇಕು. ಅದು ಬೇರೆಯಾದರೆ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು, ಬೇರಿಂಗಿನ ಮೇಲೆ ಸಲ್ಲದ ಭಾರ ಬೀಳಬಹುದು. ನಮ್ಮ ಮೂಲಗಾಲಿಯ ಅಗಲ ಮೂರೇ ಅಂಗುಲ, ಅದಕ್ಕೆ ೫.೦೦–೧೪ ಅಳತೆಯ ಕಿರಿದಾದ ಟೈರೇ ತಕ್ಕದ್ದು. ಇಂಥ ಹಳೆಯ ರಿಮ್ಮಿನ ಅಂಚಿನೊಳಗೆ ಟೈರನ್ನು ತಡೆದು ಹಿಡಿಯುವ ಉಬ್ಬು ಇರುವುದಿಲ್ಲವಾಗಿ ಒಳಗೆ ಟ್ಯೂಬು ಬೇಕೇಬೇಕು. ನಟ್ಟು ಕೂರುವ ಬಟ್ಟಲಿಗೆ ದಪ್ಪ ಬಣ್ಣ ಬಳಿಯಬಾರದು. ಬಣ್ಣ ನಲುಗಿದಾಗ ನಟ್ಟು ಸಡಿಲವಾಗುತ್ತದೆ. ಹೊಸ ಗಾಲಿ ಹಾಕಿಸಿ ನೂರು ಕಿಲೋಮೀಟರು ಓಡುವುದರೊಳಗೆ ಮತ್ತೊಮ್ಮೆ ಬಿಗಿಯಬೇಕು.

ಅವರ ಹಿತ್ತಿಲಿನಲ್ಲಿ, ಗುಜರಿಗೆ ಬಿದ್ದ ಮೈನರ್ ಒಂದರಿಂದ ಕಳಚಿದ ಎರಡು ಗಾಲಿಗಳಿದ್ದವು! ಅಳಿಯ ಓಡಿಹೋಗಿ ಹೊತ್ತು ತಂದ. ಹಿರಿಯರು ಅವಸರಪಡಲಿಲ್ಲ. ಬಣ್ಣ ಕೆರೆದು ಒರೆಸಿ, ನಮ್ಮ ಮೂರು ಒಳ್ಳೆಯ ಗಾಲಿಗಳನ್ನೂ ಸೇರಿಸಿ ಐದಕ್ಕೂ ಒಂದು ಕೆಂಪು ದ್ರವ ಸಿಂಪಡಿಸಿದರು. ಹತ್ತು ಹದಿನೈದು ನಿಮಿಷ ಕಾದು, ಚೆನ್ನಾಗಿ ಒರೆಸಿ, ಮೇಲೆ ಬಿಳಿಯ ಪುಡಿಯನ್ನು ಸಿಂಪಡಿಸಿದರು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಮೇಲೆದ್ದು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ನಮ್ಮ ಮೂರೂ ಬೆಳ್ಳಗೆ ಉಳಿದವು. ಅವರ ಒಂದು ಗಾಲಿಯೂ ಉಳಿಯಿತು. ಎರಡನೆಯದರ ಎರಡು ರಂಧ್ರಗಳ ನಡುವೆ ಕುಂಕುಮದ ಎಳೆಯಂತೆ ಗೆರೆಯೊಂದು ಮೂಡಿತು. ವೆಲ್ಡಿಂಗ್ ಮಾಡಿಸಬಹುದಲ್ಲವೆ ಎಂದ ಅಳಿಯನಿಗೆ, “ಅಂಚಾಗಿದ್ದರೆ ನೋಡಬಹುದಿತ್ತು ತಮ್ಮ, ನಟ್ಟಿನ ಜಾಗಕ್ಕೆ ನಾನು ಬೆಸುಗೆ ಹಾಕುವುದಿಲ್ಲ” ಎಂದು ಹೇಳಿ, ಆ ಗಾಲಿಯನ್ನು ಇನ್ನಾರೂ ಕೊಳ್ಳದಂತೆ ಕೊಯ್ಯುವ ಯಂತ್ರದಿಂದ ಎರಡು ಹೋಳು ಮಾಡಿದರು. ತಮ್ಮ ಮಾಲನ್ನು ತಾವೇ ಹೀಗೆ ಕೊಯ್ದ ವ್ಯಾಪಾರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಉಳಿದ ಒಂದಕ್ಕೂ ಅವರು ಹೆಚ್ಚಿನ ಬೆಲೆ ಕೇಳಲಿಲ್ಲ.

ರಾತ್ರಿಯ ನಿರ್ಬಂಧಕ್ಕೆ ಮುಂಚೆ ಬಣ್ಣಾರಿ ದಾಟಬೇಕಾಗಿತ್ತು, ಹೊರಟೆವು. ದಾರಿಯಲ್ಲಿ ಅಳಿಯ ತಾನಾಗಿಯೇ ಮಾತು ತೆಗೆದ. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳನ್ನು ಪುರಾತನ ವಾಹನಗಳೆಂದು ‘ವಿಎ’ ಅಕ್ಷರಗಳೊಡನೆ ನೋಂದಾಯಿಸುವ ನಿಯಮ ೨೦೨೧ರಲ್ಲಿ ಬಂದಿದೆ. ಹಾಗೆ ನೋಂದಾಯಿಸಿದರೆ ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ನಿಯಮ ಹೇಳುವುದು ಚಾಸಿ, ಒಡಲು, ಎಂಜಿನ್ನುಗಳ ಮಾತು, ಗಾಲಿಯ ಹೆಸರನ್ನೆತ್ತಿಲ್ಲ. “ಆದರೂ ಅಜ್ಜನ ಗಾಡಿಗೆ ಅಜ್ಜನ ಗಾಲಿಯೇ ಇರಲಿ ಮಾವ” ಎಂದ. ಘಾಟಿಯ ಮಾತನ್ನು ನಾನೆತ್ತಲಿಲ್ಲ, ಅವನೇ ಎತ್ತಿದ. ಈಗ ಗಟ್ಟಿ ಗಾಲಿಗಳು ನಾಲ್ಕೇ ಇವೆ, ಸ್ಟೆಪ್ನಿಯಿಲ್ಲ. ಸ್ಟೆಪ್ನಿಯಿಲ್ಲದೆ ೨೭ ತಿರುವುಗಳಲ್ಲಿ ಮದುಮಗಳನ್ನು ಕೂರಿಸಿಕೊಂಡು ಬರುವುದು ಸಲ್ಲದು. ಹುಡುಗಿ ದಿಬ್ಬಣದ ಬಸ್ಸಿನಲ್ಲಿಯೇ ಘಾಟಿ ಹತ್ತಲಿ. ಕಾರು ಊರ ಬಾಗಿಲಲ್ಲಿ ಕಾದಿರಲಿ, ಅಲ್ಲಿಂದ ಮನೆಯವರೆಗೆ ಕರೆತರೋಣ ಎಂದು ತೀರ್ಮಾನವಾಯಿತು. ಮನೆಯಲ್ಲಿ ಇದನ್ನು ಕೇಳಿದ ಅಕ್ಕ ಏನೂ ಹೇಳದೆ ಒಳಗೆ ಹೋಗಿ, ತಂದೆಯವರ ಸಣ್ಣ ಸುತ್ತಿಗೆಯನ್ನು ತಂದು ಮಗನ ಕೈಗಿತ್ತಳು.

ನಾನು ಸೋಮವಾರ ಐದನೆಯ ತರಗತಿಗೆ ಹೋಗಿ ಅಂಗುಲದ ಲೆಕ್ಕವನ್ನು ತಿದ್ದಿದೆ.

ಓದುಗ ಬಂಧುಗಳಲ್ಲಿ ಒಂದು ಬಿನ್ನಹ. ನೀಲಗಿರಿಯ ತೋಟಗಳ ಕಡೆಯಾಗಲಿ, ಹೊಸೂರು, ವಯನಾಡು, ಕಾಸರಗೋಡುಗಳ ಕಡೆಯಾಗಲಿ, ಯಾರ ಮನೆಯ ಹಿತ್ತಿಲಿನಲ್ಲಾದರೂ ಕೋಳಿಗೂಡಿಗೆ ಒತ್ತಾಗಿಯೋ ಬಾವಿಯ ಹಗ್ಗಕ್ಕೆ ಭಾರವಾಗಿಯೋ ಇಂಥ ಹಳೆಯ ಉಕ್ಕಿನ ಗಾಲಿಯೊಂದು ಬಿದ್ದಿರಬಹುದು. ೧೪ ಅಂಗುಲದ್ದು, ನಾಲ್ಕು ರಂಧ್ರ, ಎದುರುಬದುರು ನಡುಬಿಂದುಗಳ ಅಂತರ ೧೦೧.೬ ಮಿಲಿಮೀಟರು. ದಯವಿಟ್ಟು ಅಳೆದು ನೋಡಿ, ಪತ್ರಿಕೆಯ ಮೂಲಕ ತಿಳಿಸಿರಿ. ನಮಗೆ ಬೇಕಾಗಿರುವುದು ಒಂದೇ ಒಂದು.