ಕಾರುಗಳ ಹಡಗು ಮಗ್ಗುಲಾದ ಕಡಲು

ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ಅಟ್ಲಾಂಟಾ ನೋಡಿಕೊಂಡು ಹಿಂದಿರುಗುತ್ತಾರೆ. ಆ ರಾಜ್ಯಕ್ಕೆ ಸುಮಾರು ನೂರು ಮೈಲಿ ಉದ್ದದ ಕಡಲತೀರವೂ ಇದೆಯೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಟ್ಲಾಂಟಾದಿಂದ ಕಾರಿನಲ್ಲಿ ಐದು ಗಂಟೆ ಆಗ್ನೇಯಕ್ಕೆ ಸಾಗಿದರೆ ಬ್ರನ್ಸ್‌ವಿಕ್ ಸಿಗುತ್ತದೆ. ಊರು ಸಣ್ಣದು, ಬಂದರು ದೊಡ್ಡದು. ಕಾರುಗಳನ್ನು ಹಡಗಿಗೆ ಹತ್ತಿಸಿ ಇಳಿಸುವ ಅಮೆರಿಕದ ಅತಿ ದೊಡ್ಡ ಬಂದರುಗಳಲ್ಲಿ ಇದೊಂದು. ಊರಾಚೆ ಕಣ್ಣು ಹಾಯುವವರೆಗೂ ಹುಲ್ಲು ಬೆಳೆದ ಜೌಗು ನೆಲ. ಭರತದಲ್ಲಿ ನೀರು ತುಂಬಿ, ಇಳಿತದಲ್ಲಿ ಕೆಸರು ತೋರುವ ಆ ನೆಲವನ್ನು ಕಂಡಾಗ ನನಗೆ ಕುಮಟಾ ಕಡೆಯ ಗಜನಿ ನೆನಪಾಯಿತು. ವಾಸನೆಯೂ ಹೆಚ್ಚು ಕಡಿಮೆ ಅದೇ!

2023ರ ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗೆಂದು ನಾನೇ ಹಟ ಹಿಡಿದೆ. “ಅಪ್ಪಾ, ಆ ಹಡಗನ್ನ ತೆಗೆದು ಒಂದೂವರೆ ವರ್ಷ ಆಯ್ತು. ಈಗ ಅಲ್ಲಿ ನೀರು ಬಿಟ್ಟರೆ ಏನೂ ಇಲ್ಲ” ಎಂದಳು. ನಿಜವೇ. ಸೇಂಟ್ ಸೈಮನ್ಸ್ ದ್ವೀಪದ ಮೀನು ಹಿಡಿಯುವ ಕಟ್ಟೆಯ ಮೇಲೆ ನಿಂತರೆ ಎದುರಿಗೆ ಜೆಕಿಲ್ ದ್ವೀಪ, ನಡುವೆ ಬಂದರಿನ ಹಡಗುಗಳು ಹೋಗಿಬರುವ ಹಾದಿ, ಅಷ್ಟೆ. ಆದರೆ 656 ಅಡಿ ಉದ್ದದ ‘ಗೋಲ್ಡನ್ ರೇ’ ಎಂಬ ಹಡಗು ಎರಡು ವರ್ಷಕ್ಕೂ ಹೆಚ್ಚು ಕಾಲ ಬಿದ್ದುಕೊಂಡಿದ್ದುದು ಈ ನೀರಿನಲ್ಲೇ.

ನಡೆದದ್ದು 2019ರ ಸೆಪ್ಟೆಂಬರ್ 8ರಂದು, ರಾತ್ರಿ ಒಂದೂವರೆಯ ಹೊತ್ತಿಗೆ. ಹಡಗಿನೊಳಗೆ 4,100ಕ್ಕೂ ಮಿಕ್ಕಿ ವಾಹನಗಳು, 23 ಸಿಬ್ಬಂದಿ, ಜೊತೆಗೆ ದಾರಿ ತೋರಿಸಲು ಹತ್ತಿದ್ದ ಸ್ಥಳೀಯ ಪೈಲಟ್. ಬ್ರನ್ಸ್‌ವಿಕ್‌ನಿಂದ ಹೊರಟು ಬಾಲ್ಟಿಮೋರ್ ಕಡೆಗೆ ಹೋಗಬೇಕಿತ್ತು. ಗಾಳಿಯಿಲ್ಲ, ಮಳೆಯಿಲ್ಲ, ಬಂಡೆಯಿಲ್ಲ. ಸಮುದ್ರ ಸೇರುವ ಮುನ್ನ ಬಲಕ್ಕೊಂದು ತಿರುವಿತ್ತು. ಅಲ್ಲಿ ಹಡಗು ಎಡಕ್ಕೆ ವಾಲಿತು. ವಾಲಿದ್ದು ಮತ್ತೆ ನೆಟ್ಟಗಾಗಲೇ ಇಲ್ಲ. ಒಂದು ನಿಮಿಷದೊಳಗೆ ಅರವತ್ತು ಡಿಗ್ರಿ ಬಾಗಿ, ಕೊನೆಗೆ ಮರಳ ದಿಬ್ಬದ ಮೇಲೆ ಪೂರ್ತಿ ಮಗ್ಗುಲಾಯಿತು.

ಇದಕ್ಕೆ ಕಾರಣ ಹೇಳಲು ನನಗೆ ನಮ್ಮೂರಿನ ಹುಲ್ಲಿನ ಗಾಡಿ ಸಾಕು. ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿ ನೇರ ದಾರಿಯಲ್ಲಿ ಏನೂ ಆಗದಂತೆ ಹೋಗುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಭಾರ ಮೇಲಿದ್ದರೆ ಗುರುತ್ವ ಕೇಂದ್ರವೂ ಮೇಲೆ. ಹಡಗು ವಾಲಿದಾಗ ವಾಲಿದ ಕಡೆಯ ನೀರು ಅದನ್ನು ಮೇಲಕ್ಕೆ ಒತ್ತಿ ನೆಟ್ಟಗೆ ಮಾಡಲು ನೋಡುತ್ತದೆ. ಗುರುತ್ವ ಕೇಂದ್ರ ತೀರ ಮೇಲಿದ್ದರೆ ಆ ಒತ್ತು ಸಾಲದು. ಕಾರು ಸಾಗಿಸುವ ಹಡಗೆಂದರೆ ಹನ್ನೆರಡು ಅಂತಸ್ತಿನ ಗ್ಯಾರೇಜು ನೀರಿನ ಮೇಲೆ ತೇಲಿದಂತೆ. ಆದ್ದರಿಂದ ತಳದ ತೊಟ್ಟಿಗಳಿಗೆ ಸಮುದ್ರದ ನೀರನ್ನೇ ತುಂಬಿ ಬುಡ ಭಾರ ಮಾಡುತ್ತಾರೆ. ಇದೇ ಬ್ಯಾಲಾಸ್ಟ್. ಎಷ್ಟು ಕಾರಿಗೆ ಎಷ್ಟು ನೀರು ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಅಲ್ಲಿಯೇ ಎಡವಟ್ಟಾದದ್ದು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿ 2021ರಲ್ಲಿ ಹೊರಬಂತು. ಹಡಗಿನ ಚೀಫ್ ಆಫೀಸರ್ ಬ್ಯಾಲಾಸ್ಟ್ ನೀರಿನ ಪ್ರಮಾಣವನ್ನು ಕಂಪ್ಯೂಟರಿಗೆ ತಪ್ಪಾಗಿ ತುಂಬಿದ್ದರು. ಯಂತ್ರಕ್ಕೆ ಕೊಟ್ಟ ಅಂಕಿಯೇ ತಪ್ಪಾದರೆ ಅದು ಸರಿಯಾಗಿ ಕೂಡಿ ಕಳೆದು ತಪ್ಪು ಉತ್ತರವನ್ನೇ ಕೊಡುತ್ತದೆ. ಆ ಲೆಕ್ಕವನ್ನು ಮತ್ತೊಬ್ಬರು ತಾಳೆ ನೋಡುವ ಸರಿಯಾದ ಏರ್ಪಾಡು ಹಡಗು ನಡೆಸುವ ಸಂಸ್ಥೆಯಲ್ಲಿ ಇರಲಿಲ್ಲವೆಂದೂ ವರದಿ ಹೇಳಿತು. ನನಗೆ ಈ ಎರಡನೆಯ ಮಾತೇ ಹೆಚ್ಚು ಮುಖ್ಯವೆನಿಸುತ್ತದೆ. ಪರೀಕ್ಷೆಯ ಅಂಕ ಕೂಡುವಾಗ ಮೇಷ್ಟರಿಂದ ತಪ್ಪಾಗುತ್ತದೆಂದೇ ಮರುಎಣಿಕೆ ಇಟ್ಟಿದ್ದೇವೆ. ಇಷ್ಟು ದೊಡ್ಡ ಹಡಗಿಗೆ ಅಷ್ಟೂ ಬೇಡವೇ? ಇದು ಹೊಸ ಪಾಠವೂ ಅಲ್ಲ. 2015ರ ಜನವರಿಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಟ ‘ಹೋಗ್ ಒಸಾಕಾ’ ಎಂಬ ಕಾರು ಹಡಗು ತಿರುವಿನಲ್ಲಿ ಹೀಗೆಯೇ ವಾಲಿ ದಿಬ್ಬಕ್ಕೆ ಒರಗಿತ್ತು. ಅಲ್ಲಿಯೂ ಬ್ಯಾಲಾಸ್ಟ್ ನೀರಿನ ಅಂದಾಜು ಲೆಕ್ಕವೇ.

ಗೋಲ್ಡನ್ ರೇಯಲ್ಲಿದ್ದ ಇಪ್ಪತ್ತು ಜನರನ್ನು ಬೆಳಗಾಗುವಷ್ಟರಲ್ಲಿ ಪಾರುಮಾಡಿದರು. ಉಳಿದ ನಾಲ್ವರು, ಕೊರಿಯಾದ ಎಂಜಿನಿಯರುಗಳು, ಎಂಜಿನ್ ಕೋಣೆಯಲ್ಲಿ ಸಿಕ್ಕಿಬಿದ್ದರು. ನೀರು ತಡೆಯುವ ಎರಡು ಬಾಗಿಲುಗಳನ್ನು ಮುಚ್ಚದೆ ಬಿಟ್ಟಿದ್ದರಿಂದ ಒಳಗೆ ನೀರು ನುಗ್ಗಿ, ಅವರು ಹೊರಬರಬೇಕಾದ ಮುಖ್ಯ ದಾರಿಯೇ ಮುಚ್ಚಿಹೋಗಿತ್ತು. ಕತ್ತಲು, ಸಹಿಸಲಾಗದ ಸೆಕೆ, ಗೋಡೆ ನೆಲವಾಗಿ ನೆಲ ಗೋಡೆಯಾದ ಕೋಣೆ. ಹೊರಗಿನಿಂದ ಕಬ್ಬಿಣವನ್ನು ತಟ್ಟಿದಾಗ ಒಳಗಿನಿಂದ ತಟ್ಟಿದ ಸದ್ದು ಕೇಳಿಸಿತು. ಬದುಕಿದ್ದಾರೆ! ಮೊದಲು ಸಣ್ಣ ತೂತು ಕೊರೆದು ನೀರು, ಆಹಾರ ಇಳಿಸಿದರು. ಆಮೇಲೆ ಅದನ್ನು ಹಿಗ್ಗಿಸಿ, 9ರ ಮಧ್ಯಾಹ್ನ ಮೂವರನ್ನು ಹೊರತೆಗೆದರು. ನಾಲ್ಕನೆಯವರು ಬೇರೆ ಕಡೆ, ಗಾಜಿನ ಗೋಡೆಯ ಹಿಂದಿದ್ದರು. ಅವರು ಹೊರಬಂದಾಗ ಸಂಜೆಯಾಗಿತ್ತು. ಹಡಗು ಉರುಳಿ ನಲವತ್ತು ಗಂಟೆ ಕಳೆದಿತ್ತು. ಒಬ್ಬರೂ ಸಾಯಲಿಲ್ಲ. ಇದೇ ಬ್ರನ್ಸ್‌ವಿಕ್‌ನಲ್ಲಿ 1972ರಲ್ಲಿ ಸರಕು ಹಡಗೊಂದು ಸಿಡ್ನಿ ಲೇನಿಯರ್ ಸೇತುವೆಗೆ ಗುದ್ದಿ ಹತ್ತು ಜನ ಸತ್ತಿದ್ದರು. ಈಗ ಆ ಹೆಸರಿನ ಹೊಸ ಸೇತುವೆ ಹಡಗುಗಳ ತಲೆಯ ಮೇಲೆ ಎತ್ತರಕ್ಕೆ ನಿಂತಿದೆ.

ಜನ ಉಳಿದರು, ಹಡಗನ್ನು ಏನು ಮಾಡುವುದು? ಎಬ್ಬಿಸಿ ತೇಲಿಸುವುದು ಆಗದ ಮಾತೆಂದು ತೀರ್ಮಾನವಾಯಿತು. ಮೊದಲು 3 ಲಕ್ಷ ಗ್ಯಾಲನ್‌ಗೂ ಹೆಚ್ಚು ಎಣ್ಣೆ ಮಿಶ್ರಿತ ನೀರನ್ನು ಹೀರಿ ತೆಗೆದರು. ಕಾರುಗಳು ಭರತ ಇಳಿತಕ್ಕೆ ಕೊಚ್ಚಿಹೋಗದಂತೆ ಸುತ್ತಲೂ ಕಂಬ ನೆಟ್ಟು ಬಲೆ ಕಟ್ಟಿದರು. ಆಮೇಲೆ ಬಂದದ್ದು ‘ವಿಬಿ 10000’ ಎಂಬ ಭಾರಿ ಕ್ರೇನು. ಮೆಕ್ಸಿಕೋ ಕೊಲ್ಲಿಯಲ್ಲಿ ಚಂಡಮಾರುತಕ್ಕೆ ಮುರಿದ ತೈಲ ಬಾವಿಯ ಅಟ್ಟಣೆಗಳನ್ನು ಎತ್ತಲು ಕಟ್ಟಿದ್ದ ಈ ಯಂತ್ರ, ಎರಡು ದೋಣಿಗಳ ಮೇಲೆ ಕಾಲೂರಿದ ಜೋಡಿ ಕಮಾನಿನಂತೆ ಹಡಗಿನ ಆಚೀಚೆ ನಿಂತಿತು. ಕೊಯ್ಯಲು ಗರಗಸವಲ್ಲ, ಸರಪಳಿ! ಒಂದೊಂದು ಕೊಂಡಿ ಒಂದೂವರೆ ಅಡಿ ಉದ್ದ, 36 ಕಿಲೋ ತೂಕ. ಅದನ್ನು ಹಡಗಿನ ಅಡಿಯಿಂದ ಹಾಯಿಸಿ, ಮೇಲಕ್ಕೆಳೆಯುತ್ತ ಆಚೀಚೆ ಉಜ್ಜಿಸುವುದು. ಹಡಗನ್ನು ಎಂಟು ತುಂಡು ಮಾಡಲು ಏಳು ಕೊಯ್ತ. ಒಂದು ಕೊಯ್ತಕ್ಕೆ ಒಂದು ದಿನ ಸಾಕೆಂಬ ಅಂದಾಜಿತ್ತು. 2020ರ ನವೆಂಬರಿನಲ್ಲಿ ಶುರುವಾದ ಮೊದಲನೆಯದಕ್ಕೇ ಮೂರು ವಾರ ಹಿಡಿಯಿತು, ನಡುವೆ ಸರಪಳಿಯೂ ತುಂಡಾಯಿತು.

ಕಟ್ಟೆಯ ಮೇಲೆ ಏಡಿಗೆ ಬಲೆ ಬಿಟ್ಟು ಕೂತಿದ್ದ ಮುದುಕರೊಬ್ಬರು ಆ ದಿನಗಳ ಮಾತು ತೆಗೆದರು. ಸರಪಳಿಯ ಕಿರ್‍ರೆನ್ನುವ ಸದ್ದು ಮನೆಯವರೆಗೂ ಬರುತ್ತಿತ್ತಂತೆ. ಒಳಗಿನ ಕಾರುಗಳು, ಹಾಳೆ ಕತ್ತರಿಸಿ ಮನೆಯ ಅಡ್ಡಕೊಯ್ತ ತೋರಿಸಿದ ಹಾಗೆ, ಸಾಲು ಸಾಲಾಗಿ ಕಂಡವಂತೆ. 2021ರ ಮೇ ತಿಂಗಳಲ್ಲಿ ಕತ್ತರಿಸುವ ಕೆಲಸದ ಕಿಡಿ ತಗುಲಿ ಹಡಗಿಗೆ ಬೆಂಕಿ ಬಿತ್ತು. ಆ ಮಳೆಗಾಲದ ತಿಂಗಳುಗಳಲ್ಲೇ ಎಣ್ಣೆ ಸೋರಿ ದ್ವೀಪದ ಮರಳಿಗೂ, ಜೌಗಿನ ಹುಲ್ಲಿಗೂ ಮೆತ್ತಿಕೊಂಡಿತು. “ಹುಲ್ಲಿನ ಬುಡ ಕರ್‍ರಗೆ ಪಟ್ಟಿ ಕಟ್ಟಿತ್ತು” ಎಂದು ಮುದುಕರು ಮೊಣಕಾಲಿನ ಎತ್ತರ ತೋರಿಸಿದರು. ಸಿಗಡಿಯ ಮರಿ ಬೆಳೆಯುವುದು ಆ ಹುಲ್ಲಿನ ಬುಡದಲ್ಲೇ.

ಕೊನೆಯ ತುಂಡು ಹೋದದ್ದು 2021ರ ಅಕ್ಟೋಬರ್ 25ರಂದು. ಹಡಗಿನ ಬೆಲೆ 6 ಕೋಟಿ 25 ಲಕ್ಷ ಡಾಲರ್, ಸರಕಿನದು 14 ಕೋಟಿ 20 ಲಕ್ಷ. ತೆಗೆದುಹಾಕಲು ತಗುಲಿದ ಖರ್ಚು ಇವೆರಡನ್ನೂ ಕೂಡಿಸಿದರೂ ಅದಕ್ಕಿಂತ ಬಹಳ ಹೆಚ್ಚು. ತುಂಡುಗಳು ದೋಣಿಯೇರಿ ಲೂಸಿಯಾನಾದ ಗಿಬ್ಸನ್ ಎಂಬ ಊರಿನ ಗುಜರಿಗೆ ಹೋದವು.

ದ್ವೀಪದ ದೀಪಸ್ತಂಭಕ್ಕೆ 129 ಮೆಟ್ಟಿಲು. ಹತ್ತಿ ನಿಂತಾಗ ಮತ್ತೊಂದು ಕಾರು ಹಡಗು, ಕಿಟಕಿಯಿಲ್ಲದ ಬಿಳಿ ಪೆಟ್ಟಿಗೆಯಂತಿದ್ದುದು, ಬಂದರಿನಿಂದ ಹೊರಟು ಬರುತ್ತಿತ್ತು. ತಿರುವಿನಲ್ಲಿ ನಿಧಾನಕ್ಕೆ ಬಲಕ್ಕೆ ಹೊರಳಿತು. ಕೆಳಗೆ ಕಟ್ಟೆಯ ಮೇಲಿದ್ದವರು ಗಾಳ ಬಿಟ್ಟು ತಲೆಯೆತ್ತಿ ಅದು ದಾಟುವವರೆಗೂ ನೋಡಿದರು.