ಗಾಜಿನ ಮೇಲಣ ಗುಂಡು

ಸ್ಮರಣ ಸಂಚಿಕೆಗೆ ಸಾಹಿತ್ಯ ಸಂಬಂಧವಾದ ಪ್ರಬಂಧವೊಂದನ್ನು ಬರೆದುಕೊಡಬೇಕೆಂಬುದು ಸಂಪಾದಕ ಮಂಡಳಿಯವರ ಅಪೇಕ್ಷೆಯಾಗಿದ್ದಿತು. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದುದನ್ನೇ ಇಲ್ಲಿಯೂ ಹೇಳಿದರೆ ಹಳೆಯ ವಿದ್ಯಾರ್ಥಿಗಳು ಪುಟ ಮಗುಚಿ ಮುಂದೆ ಹೋಗುವರೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದುದರಿಂದ ಈ ಸಲ ಒಂದು ಆಟದ ವಿಷಯವನ್ನು ಬರೆಯುತ್ತೇನೆ. ವಿದ್ವತ್ ಪರೀಕ್ಷೆ ಮುಗಿಸಿದ, ಐವತ್ತೆಂಟು ವರ್ಷದ ಪಂಡಿತನೊಬ್ಬನು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಗುಂಡಾಟವಾಡಿದನೆಂದರೆ ನಗುವವರು ನಗಲಿ. ನಕ್ಕಾದ ಮೇಲೆ ಮುಂದೆ ಓದಲಿ.

ಆಟದ ಹೆಸರು ಪಿನ್‌ಬಾಲ್. ಪಿನ್ ಎಂದರೆ ಮೊಳೆ, ಬಾಲ್ ಎಂದರೆ ಗುಂಡು. ಮೊಳೆಗುಂಡಾಟವೆಂದು ಕನ್ನಡಿಸಿದರೆ ತಪ್ಪಾಗದು. ನಮ್ಮ ಜಾತ್ರೆಗಳಲ್ಲಿ ಮಾರುತ್ತಿದ್ದ ಬ್ಯಾಗಟೆಲ್ ಹಲಗೆಯನ್ನು ಬಲ್ಲವರಿಗೆ ಇದರ ಮೂಲವನ್ನು ಬೇರೆ ವಿವರಿಸಬೇಕಾದುದಿಲ್ಲ. ಇಳಿಜಾರಾದ ಹಲಗೆ, ಅದರಲ್ಲಿ ಮೊಳೆಗಳ ಬೇಲಿ, ಬೇಲಿಯೊಳಗೆ ಅಂಕಿ ಬರೆದ ಗೂಡು, ಬಲಗಡೆಯಲ್ಲಿ ಎಳೆದು ಬಿಡುವ ಸ್ಪ್ರಿಂಗಿನ ಕೋಲು. ಈ ಕೋಲಿಗೆ ೧೮೭೧ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ನೆಲಸಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬಾತನು ಸ್ವಾಮ್ಯಪತ್ರ ಪಡೆದನು. ೧೯೩೧ರಲ್ಲಿ ಷಿಕಾಗೋ ನಗರದ ಗಾಟ್ಲೀಬ್ ಸಂಸ್ಥೆಯವರು ಬ್ಯಾಫಲ್ ಬಾಲ್ ಎಂಬ ಯಂತ್ರವನ್ನು ಹೊರತಂದರು. ಅಲ್ಲಿಗೂ ಆಡುವವನ ಕೆಲಸ ಕೋಲೆಳೆದು ಬಿಡುವುದಷ್ಟೇ. ಆಮೇಲಿನದು ಗುಂಡಿನ ಹಣೆಬರಹ. ೧೯೪೭ರಲ್ಲಿ ಅದೇ ಸಂಸ್ಥೆಯ ಹಂಪ್ಟಿ ಡಂಪ್ಟಿ ಎಂಬ ಯಂತ್ರಕ್ಕೆ ಹ್ಯಾರಿ ಮ್ಯಾಬ್ಸ್ ಎಂಬ ಶಿಲ್ಪಿಯು ವಿದ್ಯುತ್ತಿನಿಂದ ಬಡಿಯುವ ಆರು ರೆಕ್ಕೆಗಳನ್ನು ಜೋಡಿಸಿದನು. ಇವಕ್ಕೆ ಫ್ಲಿಪರ್ ಎಂದು ಹೆಸರು. ಕೆಳಕ್ಕೆ ಜಾರಿ ಕಳೆದುಹೋಗಲಿರುವ ಗುಂಡನ್ನು ಗುಂಡಿ ಒತ್ತಿ ಮೇಲಕ್ಕೆ ಬಡಿದಟ್ಟುವ ಸಾಮರ್ಥ್ಯ ಆಡುವವನಿಗೆ ಬಂದುದು ಅಂದಿನಿಂದ. ಹಣೆಬರಹದ ಆಟವು ಕೈಚಳಕದ ಆಟವಾಯಿತು. ಆದರೂ ಇದು ಜೂಜೆಂದು ೧೯೪೨ರಲ್ಲಿ ನಿಷೇಧಿಸಿದ್ದ ನ್ಯೂಯಾರ್ಕ್ ನಗರದವರು ನಿಷೇಧವನ್ನು ತೆಗೆದುದು ೧೯೭೬ರಷ್ಟು ತಡವಾಗಿ. ಆ ವರ್ಷ ರೋಜರ್ ಷಾರ್ಪ್ ಎಂಬ ಪತ್ರಿಕಾ ಬರಹಗಾರನು ನಗರಸಭೆಯವರ ಎದುರಿಗೇ ಯಂತ್ರವನ್ನಿರಿಸಿ, ಕೋಲೆಳೆಯುವ ಮೊದಲು ‘ಗುಂಡು ನಡುದಾರಿಯಲ್ಲಿ ಇಳಿಯುವುದು’ ಎಂದು ಹೇಳಿ, ಹೇಳಿದಂತೆಯೇ ಇಳಿಸಿ ತೋರಿಸಿದನು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈ ಆಟ ಹೊಸದಲ್ಲ. ಗಣಕಯಂತ್ರದ ಕೊಠಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಅದರೊಳಗೆ ಸ್ಪೇಸ್ ಕೆಡೆಟ್ ಎಂಬ ಪಿನ್‌ಬಾಲ್ ಆಟವೂ ಇದ್ದಿತು. ಝಡ್ ಅಕ್ಷರದ ಕೀಲಿ ಎಡರೆಕ್ಕೆಗೆ, ಓರೆಗೆರೆಯ ಕೀಲಿ ಬಲರೆಕ್ಕೆಗೆ. ಉಪಾಧ್ಯಾಯರು ಹೊರಗೆ ಹೋದೊಡನೆ ಒಳಗಿನಿಂದ ಟಪಟಪನೆ ಎರಡೇ ಕೀಲಿಗಳ ಸದ್ದು ಕೇಳಿಬರುತ್ತಿದ್ದುದನ್ನು, ಪಕ್ಕದ ಕೊಠಡಿಯಲ್ಲಿ ಛಂದಸ್ಸನ್ನು ಪಾಠ ಹೇಳುತ್ತಿದ್ದ ನಾನು ಎಷ್ಟೋ ಸಲ ಲಕ್ಷಿಸಿದ್ದೇನೆ. ಲಘು ಗುರುಗಳ ಪ್ರಸ್ತಾರಕ್ಕೆ ಅದು ಒಳ್ಳೆಯ ಹಿನ್ನೆಲೆಯೇ ಆಗಿದ್ದಿತು. ೨೦೦೭ರಲ್ಲಿ ಬಂದ ವಿಸ್ಟಾದಲ್ಲಿ ಈ ಆಟವನ್ನು ಕೈಬಿಟ್ಟರು.

ನಾನು ಇದಕ್ಕೆ ಕೈಯಿಟ್ಟುದು ಕೈಯ ಕಾರಣದಿಂದಲೇ. ೨೦೨೩ರ ನವೆಂಬರಿನಲ್ಲಿ ಮಿದುಳಿನ ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡು, ದೇವರ ದಯೆಯಿಂದ ಮಾತೂ ನಡೆಯೂ ಉಳಿದು, ಬಲಗೈಯ ತೋರುಬೆರಳು ನಡುಬೆರಳುಗಳು ಮಾತ್ರ ಜಡವಾದುವು. ಮುಟ್ಟಿದರೆ ಮುಟ್ಟಿದುದು ಚೆನ್ನಾಗಿ ತಿಳಿಯದು. ಮಡಿಸಬೇಕೆಂದರೆ ಒಂದು ಗಳಿಗೆ ತಡವಾಗಿ ಮಡಿಯುವುವು. ಹೆಬ್ಬೆರಳು ನೆಟ್ಟಗಿದ್ದಿತು. ಆದರೆ ಸೀಮೆಸುಣ್ಣವನ್ನು ಹೆಬ್ಬೆರಳೊಂದರಿಂದಲೇ ಹಿಡಿಯಲು ಬರುವುದೆ? ಕಪ್ಪುಹಲಗೆಯ ಮೇಲೆ ಒಂದು ಕಂದಪದ್ಯವನ್ನು ಬರೆಯಹೋದರೆ ಎರಡನೆಯ ಪಾದಕ್ಕೇ ಸುಣ್ಣದ ಕಡ್ಡಿ ಜಾರಿ ಕೆಳಗೆ ಬೀಳುತ್ತಿದ್ದಿತು. ಮುಂದಿನ ಬೆಂಚಿನ ಮಕ್ಕಳು ಎತ್ತಿಕೊಡುತ್ತಿದ್ದರು. ಮೊದಮೊದಲು ನಗುತ್ತಿದ್ದವರು ಆಮೇಲೆ ನಗುವುದನ್ನು ಬಿಟ್ಟರು. ಅದು ನನಗೆ ನಗುವುದಕ್ಕಿಂತಲೂ ಕಷ್ಟವಾಯಿತು. ಬೆರಳುಗಳನ್ನು ಸುಮ್ಮನಿರಿಸದೆ ದಿನವೂ ದುಡಿಸಬೇಕೆಂದು ವೈದ್ಯರು ಹೇಳಿ, ಹಿಸುಕಲು ರಬ್ಬರಿನ ಚೆಂಡೊಂದನ್ನು ಕೊಟ್ಟರು. ರಬ್ಬರಿನ ಚೆಂಡನ್ನು ಹಿಸುಕುವುದರಷ್ಟು ಬೇಸರದ ಕಾರ್ಯ ಈ ಲೋಕದಲ್ಲಿ ಮತ್ತೊಂದಿರಲಾರದು.

೨೦೨೪ರ ಬೇಸಗೆಯ ರಜೆಯಲ್ಲಿ ನನ್ನ ಸೋದರಳಿಯನು, ಈ ಶಾಲೆಯಲ್ಲಿಯೇ ಕಲಿತವನು, ತನ್ನ ಊರಿಗೆ ಬಂದು ಎರಡು ತಿಂಗಳು ಇದ್ದುಹೋಗೆಂದು ಕರೆದನು. ಅವನಿರುವುದು ಷಿಕಾಗೋ ನಗರದ ಹೊರವಲಯದಲ್ಲಿ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಂಬ ಯಂತ್ರಕಾರರೆಲ್ಲರ ತವರು ಅದೇ ನಗರ. ಇಂದಿಗೂ ಈ ಯಂತ್ರಗಳನ್ನು ತಯಾರಿಸುವ ಸ್ಟರ್ನ್ ಸಂಸ್ಥೆಯೂ ಆ ಆಸುಪಾಸಿನಲ್ಲಿಯೇ ಇದೆ. ಅಳಿಯನಿಗೆ ಹನ್ನೆರಡರ ಮಗನೂ ಒಂಬತ್ತರ ಮಗಳೂ ಇದ್ದಾರೆ. ಮಗನ ಆಟ ದೊಡ್ಡ ಪರದೆಗೆ ಜೋಡಿಸಿದ ಪ್ಲೇಸ್ಟೇಷನ್ ಎಂಬ ಆಟದ ಪೆಟ್ಟಿಗೆಯಲ್ಲಿ; ಮಗಳ ಆಟ ಮಡಿಲಲ್ಲಿರಿಸಿಕೊಳ್ಳುವ ಐಪ್ಯಾಡ್ ಎಂಬ ಗಾಜಿನ ಹಲಗೆಯಲ್ಲಿ. ಇಬ್ಬರೂ ಆಡುತ್ತಿದ್ದುದು ಒಂದೇ ಪಿನ್‌ಬಾಲ್ ಮೇಜನ್ನು. ಯಾವುದರಲ್ಲಿ ಆಡುವುದು ಮೇಲೆಂಬ ವಾದವೂ ಅವರಲ್ಲಿ ದಿನನಿತ್ಯದ್ದು. ತೀರ್ಪಿಗೆ ಹಿರಿಯನೆಂದು ನನ್ನನ್ನು ಕೂರಿಸಿದರು. ಎರಡನ್ನೂ ಆಡದೆ ತೀರ್ಪು ಹೇಳುವುದು ನ್ಯಾಯವಲ್ಲವಷ್ಟೆ.

ಆ ಮೇಜಿನ ಹೆಸರು ಮೆಡೀವಲ್ ಮ್ಯಾಡ್‌ನೆಸ್. ೧೯೯೭ರಲ್ಲಿ ವಿಲಿಯಮ್ಸ್‌ನವರು ಸುಮಾರು ೪,೦೦೦ ಯಂತ್ರಗಳನ್ನು ಮಾಡಿ ಮಾರಿದರು. ೧೯೯೯ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನೇ ನಿಲ್ಲಿಸಿದರು. ಬುಡಾಪೆಸ್ಟ್ ನಗರದ ಝೆನ್ ಸ್ಟುಡಿಯೋಸ್‌ನವರು ಇಂಥ ಹಳೆಯ ಯಂತ್ರಗಳ ಪಡಿಯಚ್ಚುಗಳನ್ನು ಪರದೆಯ ಮೇಲೆ ಆಡುವಂತೆ ರಚಿಸಿದ್ದಾರೆ. ಮೇಜಿನ ನಡುವೆ ಒಂದು ಕೋಟೆ. ಗುಂಡಿನಿಂದ ಹೊಡೆದರೆ ಎತ್ತುಸೇತುವೆ ಕೆಳಗಿಳಿಯುತ್ತದೆ. ಇನ್ನೂ ಹೊಡೆದರೆ ಹೆಬ್ಬಾಗಿಲು ಮೇಲೇಳುತ್ತದೆ. ಒಳಹೊಕ್ಕರೆ ಕೋಟೆ ಗಡಗಡನೆ ನಡುಗಿ ಕುಸಿಯುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದವನಿಗೆ ಕೋಟೆ ಬೀಳುವುದನ್ನು ಕಂಡು ಚಪ್ಪಾಳೆ ತಟ್ಟಲು ಮನಸ್ಸು ಬರಲಿಲ್ಲವಾದರೂ ಹೊಡೆಯಲು ಬಂದಿತು.

ಮೊದಲು ಗಾಜಿನ ಹಲಗೆಯ ವಿಚಾರ. ಹಲಗೆಯನ್ನು ನೆಟ್ಟಗೆ ಹಿಡಿದರೆ ಮೇಜಿನ ಆಕಾರವೂ ಹಲಗೆಯ ಆಕಾರವೂ ಹೊಂದಿಕೊಳ್ಳುತ್ತವೆ. ನಿಜವಾದ ಮೇಜು ಅಗಲಕ್ಕೆ ಎರಡರಷ್ಟು ಉದ್ದ. ಇಡೀ ಮೇಜು ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಗುಂಡು ಎಲ್ಲಿಂದ ಎಲ್ಲಿಗೆ ಬರುವುದೆಂಬುದನ್ನು ಹುಡುಕಬೇಕಾದುದಿಲ್ಲ. ಪರದೆಯ ಎಡಭಾಗವನ್ನು ಮುಟ್ಟಿದರೆ ಎಡರೆಕ್ಕೆ, ಬಲಭಾಗವನ್ನು ಮುಟ್ಟಿದರೆ ಬಲರೆಕ್ಕೆ. ಒಂಬತ್ತು ವರ್ಷದ ಹುಡುಗಿ ಅರೆಗಳಿಗೆಯಲ್ಲಿ ನನಗೆ ಎಲ್ಲವನ್ನೂ ಕಲಿಸಿಬಿಟ್ಟಳು. ಎರಡು ಹೆಬ್ಬೆರಳುಗಳಿಂದ ಆಡುವ ಆಟ. ನನ್ನ ಹೆಬ್ಬೆರಳಿಗೆ ಕೇಡಿರಲಿಲ್ಲ. ಮೂರನೆಯ ದಿನ ಅವಳ ಅಂಕಗಳನ್ನು ಮೀರಿಸಿದೆನು. ಅಳಿಯನು ಸಂತೋಷಪಟ್ಟನು. ನನಗೆ ಮಾತ್ರ ಒಳಗೇ ಸಮಾಧಾನವಾಗಲಿಲ್ಲ. ಕೇಡಾದ ಬೆರಳುಗಳೆರಡೂ ಹಲಗೆಯ ಹಿಂದೆ ಆನಿಕೆಯ ಕೋಲುಗಳಂತೆ ಸುಮ್ಮನೆ ನಿಂತಿದ್ದುವು. ಗೆದ್ದುದು ಗೆಲ್ಲಬೇಕಾದವರಲ್ಲ.

ಮತ್ತೊಂದು ಕೊರತೆಯೂ ಉಂಟು. ಗಾಜು ತಗ್ಗುವುದಿಲ್ಲ. ಗುಂಡಿಯನ್ನು ಒತ್ತಿದರೆ ಅದು ಒಂದಿಷ್ಟು ಒಳಕ್ಕೆ ಹೋಗಿ ತಡೆದು ಮರಳಿ ಬೆರಳನ್ನು ದೂಡುತ್ತದೆ. ‘ಒತ್ತಿದೆ’ ಎಂಬ ಅರಿವು ಆ ತಡೆಯಲ್ಲಿದೆ. ಗಾಜಿನಲ್ಲಿ ಮುಟ್ಟುವುದೂ ಒತ್ತುವುದೂ ಒಂದೇ. ಸ್ಪರ್ಶ ಕುಂದಿದ ಬೆರಳನ್ನು ಅದರ ಮೇಲಿರಿಸಿದರೆ, ರೆಕ್ಕೆ ಎದ್ದುದನ್ನು ಕಣ್ಣಿನಿಂದ ನೋಡಿಯೇ ಬೆರಳು ಮುಟ್ಟಿತೆಂದು ತಿಳಿಯಬೇಕು. ಹಲಗೆಯನ್ನು ಕೆಳಗಿರಿಸಿ ಹಟದಿಂದ ತೋರುಬೆರಳಿನಿಂದಲೇ ಆಡಿ ನೋಡಿದೆನು. ಎತ್ತಿದೆನೆಂದುಕೊಂಡ ಬೆರಳು ಗಾಜಿನ ಮೇಲೆಯೇ ಉಳಿದು, ರೆಕ್ಕೆ ಎದ್ದುದು ಎದ್ದಂತೆಯೇ ನಿಂತು, ಗುಂಡು ಅದರಡಿಯಲ್ಲಿ ನುಸುಳಿಹೋಗುತ್ತಿದ್ದಿತು. ಮೇಜನ್ನು ಅಲುಗಿಸುವ ಕ್ರಮವಂತೂ ವಿಚಿತ್ರ. ನಿಜವಾದ ಯಂತ್ರವನ್ನು ಅಂಗೈಯಿಂದ ಮೆಲ್ಲನೆ ದೂಡಿ ಗುಂಡಿನ ದಾರಿ ತಪ್ಪಿಸುವುದು ಆಟದ ಒಂದು ಅಂಗವೇ ಆಗಿದೆ. ಅತಿಯಾದರೆ ಒಳಗೆ ಬಳೆಯೊಂದರ ನಡುವೆ ತೂಗುಬಿದ್ದ ಲೋಹದ ತೂಕವು ಬಳೆಗೆ ತಗುಲಿ, ಟಿಲ್ಟ್ ಎಂದು ಸಾರಿ, ರೆಕ್ಕೆಗಳು ಸತ್ತುಹೋಗುತ್ತವೆ. ಐಪ್ಯಾಡನ್ನು ಅಲುಗಿಸಿದರೆ ಮೇಜಿನೊಡನೆ ಕಣ್ಣೆದುರಿನ ಚಿತ್ರವೂ ಅಲುಗಿ ಗುಂಡೇ ಕಾಣದಂತಾಗುತ್ತದೆ.

ಇನ್ನು ಆಟದ ಪೆಟ್ಟಿಗೆ. ಇದಕ್ಕೆ ಎರಡು ಕೈಗಳಲ್ಲಿ ಹಿಡಿಯುವ, ಬಾವಲಿಯ ಆಕಾರದ ಹಿಡಿಕೆಯೊಂದುಂಟು. ರೆಕ್ಕೆಗಳ ಗುಂಡಿಗಳು ಅದರ ಮುಂದಿನ ಅಂಚಿನಲ್ಲಿವೆ. ಅವು ತೋರುಬೆರಳುಗಳ ಪಾಲು. ಷಿಕಾಗೋವಿನ ಯಂತ್ರದಲ್ಲಿಯೂ ಗುಂಡಿಗಳು ಪೆಟ್ಟಿಗೆಯ ಎರಡು ಮಗ್ಗುಲಲ್ಲಿದ್ದು, ಅಂಗೈ ಅಂಚನ್ನು ಹಿಡಿದಿರಲು ಬೆರಳುಗಳು ಒತ್ತುತ್ತವೆ. ಆದ್ದರಿಂದ ಕೈಯ ಮಟ್ಟಿಗೆ ಮೂಲಕ್ಕೆ ಹತ್ತಿರವಾದುದು ಹಿಡಿಕೆ. ಕಣ್ಣಿನ ಮಟ್ಟಿಗೆ ಹತ್ತಿರವಾದುದು ಗಾಜಿನ ಹಲಗೆ. ಮಕ್ಕಳ ವ್ಯಾಜ್ಯದಲ್ಲಿ ಇಬ್ಬರೂ ಅರ್ಧರ್ಧ ಸತ್ಯವನ್ನೇ ಹೇಳುತ್ತಿದ್ದರು. ಗುಂಡು ಬಡಿದಾಗ ಹಿಡಿಕೆಯೊಳಗಿನ ಸಣ್ಣ ಮೋಟಾರುಗಳು ಅದುರಿ, ಪೆಟ್ಟು ಅಂಗೈಗೆ ತಿಳಿಯುತ್ತದೆ. ಬೆರಳ ತುದಿಗೆ ತಿಳಿಯದ ಸುದ್ದಿ ಅಂಗೈಯ ದಾರಿಯಿಂದ ನನ್ನನ್ನು ತಲಪಿತು. ಅಲುಗಿಸಲು ಒಂದು ಪುಟ್ಟ ಕಡ್ಡಿಯಿದೆ. ಅದನ್ನು ದೂಡಿದರೆ ಮೇಜು ಅಲುಗುತ್ತದೆ, ನೋಡುವವನ ಕಣ್ಣು ನೆಟ್ಟಲ್ಲೇ ಇರುತ್ತದೆ.

ದೋಷಗಳು ಇಲ್ಲಿಯೂ ಇಲ್ಲದಿಲ್ಲ. ಅಡ್ಡಲಾದ ಪರದೆಯಲ್ಲಿ ಉದ್ದವಾದ ಮೇಜನ್ನು ಕೂರಿಸುವುದೆಂದರೆ ಷಟ್ಪದಿಯನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿದಂತೆ. ಮೇಜೆಲ್ಲ ಕಾಣಬೇಕೆಂದರೆ ನಡುವೆ ಕಿರಿದಾಗಿ ಕಾಣುತ್ತದೆ; ಹಿರಿದಾಗಿ ಕಾಣಬೇಕೆಂದರೆ ದೃಷ್ಟಿ ಗುಂಡನ್ನು ಹಿಂಬಾಲಿಸಿ ಮೇಲೆ ಕೆಳಗೆ ಓಡಾಡುತ್ತದೆ. ೨೦೧೭ರಲ್ಲಿ ಬಂದ ನಿಂಟೆಂಡೋದವರ ಸ್ವಿಚ್ ಎಂಬ ಪೆಟ್ಟಿಗೆಯನ್ನು ನೆಟ್ಟಗೆ ತಿರುಗಿಸಿ, ಹಿಡಿಕೆಗಳನ್ನು ಬೇರ್ಪಡಿಸಿಕೊಂಡು ಆಡಬಹುದೆಂದು ಹುಡುಗನು ಹೇಳಿದನು. ಆ ಮನೆಯಲ್ಲಿ ಅದು ಇರಲಿಲ್ಲ.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಕಾಲದ್ದು. ಪರದೆಯು ಸಾಮಾನ್ಯವಾಗಿ ಸೆಕೆಂಡಿಗೆ ೬೦ ಚಿತ್ರಗಳನ್ನು ತೋರಿಸುತ್ತದೆ. ಇಂದಿನ ದೊಡ್ಡ ಪರದೆಗಳು ಚಿತ್ರವನ್ನು ತಿದ್ದಿ ತೀಡಿ ಅಂದಗೊಳಿಸಿ ತೋರಿಸುವುದರಿಂದ, ಒತ್ತುವಿಕೆಗೂ ರೆಕ್ಕೆ ಏಳುವುದಕ್ಕೂ ನಡುವೆ ಕೂದಲೆಳೆಯಷ್ಟು ವಿಳಂಬ ಉಂಟಾಗುತ್ತದೆ. ಈ ತಿದ್ದುವಿಕೆಯನ್ನು ಕಡಿಮೆ ಮಾಡಲು ಗೇಮ್ ಮೋಡ್ ಎಂಬ ಏರ್ಪಾಡೊಂದಿದೆ. ಆ ಮನೆಯಲ್ಲಿ ಅದನ್ನು ಹಾಕಿರಲಿಲ್ಲ. ಹಾಕಿದರೆ ಬಣ್ಣ ಮಂಕಾಗುವುದೆಂದು ಮನೆಯೊಡತಿಯ ಆಕ್ಷೇಪಣೆ. ಪರದೆಯ ವಿಳಂಬ ಒಂದು, ನನ್ನ ಬೆರಳಿನ ವಿಳಂಬ ಮತ್ತೊಂದು. ಗುಂಡು ರೆಕ್ಕೆಯ ತುದಿಗೆ ಬಂದಾಗ ಒತ್ತಿದರೆ, ರೆಕ್ಕೆ ಏಳುವ ಹೊತ್ತಿಗೆ ಗುಂಡು ಪಾತಾಳ ಸೇರಿರುತ್ತಿದ್ದಿತು. ಇಲ್ಲಿ ನನ್ನ ನೆರವಿಗೆ ಬಂದುದು ಸಂಗೀತ. ತಾಳ ಬೀಳುವುದಕ್ಕೆ ಮೊದಲೇ ಪದವನ್ನು ಎತ್ತಿಕೊಳ್ಳುವುದಕ್ಕೆ ಅತೀತಗ್ರಹವೆಂದು ಹೆಸರಷ್ಟೆ. ಕಣ್ಣಿನ ತಾಳಕ್ಕಿಂತ ಬೆರಳಿನ ಎತ್ತುಗಡೆಯನ್ನು ಮುಂದಿರಿಸಿಕೊಂಡು, ಗುಂಡು ರೆಕ್ಕೆಯ ನಡುವಿನಲ್ಲಿರುವಾಗಲೇ ಮನಸ್ಸಿನಲ್ಲಿ ‘ತ’ ಎಂದುಕೊಂಡು ಒತ್ತತೊಡಗಿದೆನು. ಹತ್ತಕ್ಕೆ ಮೂರು ತಗುಲಿದುವು. ವಾರ ಕಳೆದ ಮೇಲೆ ಐದು. ಹುಡುಗನು ಇದನ್ನು ಕಂಡು ತಾನೂ ‘ತ’ ಎನ್ನಲು ಕಲಿತನು. ಅವನಿಗೆ ಅದರ ಅಗತ್ಯವಿರಲಿಲ್ಲ.

ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಎಂಬ ನೇಮವನ್ನಿಟ್ಟುಕೊಂಡೆನು. ಎಡಗೈಯ ಆಟ ಲೀಲಾಜಾಲವಾಗಿ ಸಾಗುತ್ತಿದ್ದರೆ ಬಲಗೈ ಬೆವರುತ್ತಿದ್ದಿತು. ಗುಂಡು ಬಲಕ್ಕೆ ಬಂದೀತೆಂಬ ಭಯದಿಂದ ಎಲ್ಲವನ್ನೂ ಎಡಗಡೆಯಿಂದಲೇ ಹೊಡೆಯುವ ಉಪಾಯ ಹೂಡಬಹುದಾಗಿದ್ದಿತು. ಹುಡುಗಿ ಅದನ್ನು ಬಿಡಲಿಲ್ಲ. ಗಾಜಿನ ಹಲಗೆಯ ಪಕ್ಷವನ್ನು ಬಿಟ್ಟುಕೊಡದೆಯೇ ನನ್ನ ಪಕ್ಕದಲ್ಲಿ ಕುಳಿತು, ಬಲರೆಕ್ಕೆಯಿಂದ ಎಷ್ಟು ಹೊಡೆದೆನೆಂಬುದನ್ನು ಮಾತ್ರ ಕಾಗದದ ಮೇಲೆ ಗೀಟು ಹಾಕಿ ಎಣಿಸುತ್ತಿದ್ದಳು. ಯಂತ್ರದ ಲಕ್ಷಗಟ್ಟಳೆ ಅಂಕಗಳನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹೊರಡುವ ವಾರದಲ್ಲಿ, ಹಳೆಯ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವ ಆಟದ ಮಳಿಗೆಯೊಂದಕ್ಕೆ ಕರೆದೊಯ್ದರು. ಅಲ್ಲಿ ೧೯೯೨ರ ಆ್ಯಡಮ್ಸ್ ಫ್ಯಾಮಿಲಿ ಎಂಬ ಯಂತ್ರವಿದ್ದಿತು. ಪ್ಯಾಟ್ ಲಾಲರ್ ಎಂಬಾತನ ರಚನೆ, ೨೦,೦೦೦ಕ್ಕೂ ಮೇಲ್ಪಟ್ಟು ಮಾರಾಟವಾದುದು. ಪರದೆಯ ಮೇಲೆ ತಿಂಗಳೊಪ್ಪತ್ತು ಆಡಿದ್ದವನಿಗೆ ಮೊದಲ ಆಶ್ಚರ್ಯ ಗುಂಡಿನ ತೂಕ. ೨೭ ಮಿಲಿಮೀಟರ್ ಅಡ್ಡಳತೆಯ, ಸುಮಾರು ೮೦ ಗ್ರಾಂ ಉಕ್ಕಿನ ಗುಂಡು ಆರೂವರೆ ಡಿಗ್ರಿ ಇಳಿಜಾರಿನಲ್ಲಿ ಉರುಳಿಬಂದು ರೆಕ್ಕೆಗೆ ತಗುಲಿದರೆ ಮೊಣಕೈಯವರೆಗೆ ಅದುರುತ್ತದೆ. ಹಿಡಿಕೆಯ ಮೋಟಾರು ಕೊಡುವುದು ಅದರ ಸುದ್ದಿಯನ್ನು ಮಾತ್ರ. ಗಾಜು ಕೊಡುವುದು ಅದರ ಚಿತ್ರವನ್ನು ಮಾತ್ರ. ವಿಳಂಬವೆಂಬುದೇ ಇಲ್ಲ. ನನ್ನ ‘ತ’ಕಾರದ ಲೆಕ್ಕಾಚಾರವೆಲ್ಲ ತಲೆಕೆಳಗಾಗಿ, ಮೊದಲ ಎರಡು ಗುಂಡುಗಳು ಕ್ಷಣಾರ್ಧದಲ್ಲಿ ಮಾಯವಾದುವು.

ಆ ಯಂತ್ರದ ಮೂಲೆಯಲ್ಲೊಂದು ಪುಟ್ಟ ಪೆಟ್ಟಿಗೆಯಿದೆ. ಗುಂಡು ತಕ್ಕ ಜಾಗಕ್ಕೆ ಬಂದಾಗ ಮುಚ್ಚಳ ತೆರೆದು, ಒಳಗಿನಿಂದ ಮಣಿಕಟ್ಟಿನವರೆಗಿನ ಒಂದು ಕೈ ಮೇಲೆದ್ದು, ಅಯಸ್ಕಾಂತದ ಬಲದಿಂದ ಗುಂಡನ್ನು ಬೆರಳತುದಿಯಲ್ಲಿ ಎತ್ತಿಕೊಂಡು, ಮತ್ತೆ ಪೆಟ್ಟಿಗೆಯೊಳಗೆ ಸೇರುತ್ತದೆ. ಮೂರನೆಯ ಗುಂಡಿಗೆ ಅದನ್ನು ಕಂಡೆನು. ಯಂತ್ರದ ಕೈ ಕೆಳಗೆ ಬೀಳಿಸದೆ ಗುಂಡನ್ನು ಎತ್ತಿಕೊಂಡುಹೋದ ರೀತಿಯನ್ನು ನೋಡುತ್ತ ನಾನು ಗುಂಡಿ ಒತ್ತುವುದನ್ನೇ ಮರೆತು ನಿಂತಿದ್ದೆನಂತೆ. ಹುಡುಗನು ತೋಳು ಹಿಡಿದು ಜಗ್ಗಿದನು.

ಊರಿಗೆ ಹಿಂತಿರುಗಿದ ಮೇಲೆ ಅಳಿಯನು ಒಂದು ಹಿಡಿಕೆಯನ್ನು ಕಳುಹಿಸಿಕೊಟ್ಟನು. ಅದು ಮನೆಯ ಗಣಕಯಂತ್ರಕ್ಕೆ ಹೊಂದಿಕೊಳ್ಳುತ್ತದೆ, ನೇಮ ನಡೆದಿದೆ. ಚೇತರಿಕೆಯಲ್ಲಿ ಕಾಲದ ಪಾಲೆಷ್ಟು, ಔಷಧದ ಪಾಲೆಷ್ಟು, ಗುಂಡಿನ ಪಾಲೆಷ್ಟು ಎಂದು ವಿಂಗಡಿಸಲು ವೈದ್ಯರೇ ಮುಂದಾಗಲಿಲ್ಲ, ನಾನು ಯಾರು? ತೋರುಬೆರಳು ಈಗ ಬಹುಮಟ್ಟಿಗೆ ಹೇಳಿದ ಮಾತು ಕೇಳುತ್ತದೆ. ನಡುಬೆರಳು ಇನ್ನೂ ಯೋಚಿಸಿ ನಡೆಯುತ್ತದೆ. ಕಪ್ಪುಹಲಗೆಯ ಮೇಲೆ ಕಂದಪದ್ಯದ ನಾಲ್ಕು ಪಾದಗಳೂ ಮುಗಿಯುತ್ತವೆ; ವೃತ್ತವಾದರೆ ಮೂರನೆಯ ಪಾದದಲ್ಲಿ ಕೈ ಇಳಿಸಿ ಉಸಿರಾಡಿಕೊಳ್ಳಬೇಕಾಗುತ್ತದೆ, ಆ ಹೊತ್ತಿಗೆ ಯತಿಯ ವಿಚಾರವಾಗಿ ನಾಲ್ಕು ಮಾತು ಹೇಳಿಕೊಳ್ಳುತ್ತೇನೆ. ಈ ಬರಹದ ಮೊದಲ ಐದು ಹಾಳೆಗಳು ನನ್ನ ಕೈಬರಹದಲ್ಲಿವೆ. ಉಳಿದ ಎರಡನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, ನಾನು ಹೇಳಿದಂತೆ ಬರೆದುಕೊಂಡಳು. ಫ್ಲಿಪರ್ ಎಂಬುದಕ್ಕೆ ರೆಕ್ಕೆ ಎನ್ನುವುದಕ್ಕಿಂತ ತೋಳು ಎನ್ನುವುದೇ ಸರಿಯೆಂದು ಅವಳ ಅಭಿಪ್ರಾಯ.