ಹೆಗಲು ಕೊಡದ ಎತ್ತು

ವಸ್ತು ಕಳೆದುಕೊಂಡವನಿಗೆ ಬುದ್ಧಿ ಹೇಳುವವರಿಗೆ ನಮ್ಮ ಹೊಸಹೊಳಲಿನಲ್ಲಿ ಎಂದೂ ಬರವಿಲ್ಲ. ಕೃಷ್ಣರಾಜಪೇಟೆಯಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ನನ್ನ ಜೇಬಿನ ಫೋನು ಮಾಯವಾದಾಗ ಈ ಸತ್ಯ ನನಗೆ ಚೆನ್ನಾಗಿ ಮನವರಿಕೆಯಾಯಿತು. “ಜೇಬು ಮುಟ್ಟಿ ನೋಡಿಕೊಳ್ಳಬಾರದಿತ್ತೇ?” ಎಂದರು ಒಬ್ಬರು. “ಓದುವ ಹುಡುಗನಿಗೆ ಅಷ್ಟು ದೊಡ್ಡ ಫೋನೇಕೆ?” ಎಂದರು ಮತ್ತೊಬ್ಬರು. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಎರಡು ಕುರಿ ಮಾರಿ ಅದನ್ನು ಕೊಡಿಸಿದವರು ಅವರೇ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಪಾಠದ ಟಿಪ್ಪಣಿ, ವಿದ್ಯಾರ್ಥಿವೇತನದ ಅರ್ಜಿ, ನಮ್ಮೂರ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯ ರಾಮಾಯಣದ ಶಿಲ್ಪಗಳನ್ನು ಕುರಿತು ಪ್ರಬಂಧ ಬರೆಯಲು ತೆಗೆದಿದ್ದ ಚಿತ್ರಗಳು, ಎಲ್ಲವೂ ಅದರಲ್ಲಿದ್ದವು.

ಗೆಳೆಯನ ಫೋನಿನಲ್ಲಿ ನನ್ನ ಗೂಗಲ್ ಖಾತೆಯನ್ನು ತೆರೆದು, ದೂರದಿಂದಲೇ ಬೀಗ ಹಾಕಲು ನೋಡಿದೆ. ಕಳ್ಳ ನನಗಿಂತ ಚುರುಕು; ಆಗಲೇ ಫೋನನ್ನು ಆರಿಸಿಬಿಟ್ಟಿದ್ದ. ಅಂತರ್ಜಾಲದ ಸಂಪರ್ಕವೇ ಇಲ್ಲದ ಫೋನಿಗೆ ನನ್ನ ಅಪ್ಪಣೆ ಮುಟ್ಟುವುದಾದರೂ ಹೇಗೆ?

ಆಗ ಅಧ್ಯಾಪಕರೊಬ್ಬರು ಇನ್ನೊಂದು ದಾರಿ ತೋರಿಸಿದರು. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಗುರುತುಂಟು. ಸಿಮ್ ಬದಲಾಯಿಸಿದರೂ ಅದು ಬದಲಾಗದು. ಪೊಲೀಸರಿಗೆ ದೂರಿತ್ತು, ಅದರ ಪ್ರತಿಯೊಡನೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಅಂಕಿಗಳನ್ನು ತಿಳಿಸಿದರೆ ಫೋನು ಕಪ್ಪುಪಟ್ಟಿಗೆ ಸೇರುತ್ತದೆ. ಆಮೇಲೆ ಭಾರತದ ಯಾವ ಕಂಪನಿಯ ಸಿಮ್ ಹಾಕಿದರೂ ಕರೆ ಹೋಗದು, ಬಾರದು. 2023ರ ಮೇ ತಿಂಗಳಿನಿಂದ ಈ ಸೌಕರ್ಯ ದೇಶಕ್ಕೆಲ್ಲ ಒದಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೋ, 2015ರ ಜುಲೈ 1ರ ನಂತರ ತಯಾರಾಗಿ ಅಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ದೂರದಿಂದ ನಿಷ್ಕ್ರಿಯಗೊಳಿಸುವ ಏರ್ಪಾಡು ಇರಲೇಬೇಕೆಂದು ಕಾನೂನನ್ನೇ ಮಾಡಿದ್ದಾರೆ.

ಆದರೆ ನನ್ನ ಫೋನಿನ ಅಂಕಿಗಳು ಯಾರಿಗೆ ಗೊತ್ತು? ಅಪ್ಪ ಎದ್ದುಹೋಗಿ ಟ್ರಂಕು ತೆರೆದರು. ಕಂದಾಯದ ರಸೀತಿಗಳ ಕೆಳಗೆ ಫೋನಿನ ಖಾಲಿ ಡಬ್ಬವಿತ್ತು. ಅದರ ಬೆನ್ನ ಮೇಲೆ ಅಂಕಿಗಳಿದ್ದವು. ನಾನು ಓದಿದವನು ಎಸೆಯಹೊರಟಿದ್ದ ಡಬ್ಬವದು!

“ಇಷ್ಟು ಮಾಡಿದರೂ ಫೋನು ಸಿಕ್ಕೇ ಸಿಗುತ್ತದೆ ಎಂದಿಲ್ಲ ಅಪ್ಪ,” ಎಂದೆ.

“ಸಿಗದಿದ್ರೆ ಬುಡು ಮಗ. ಕದ್ದ ಎತ್ತು ನೊಗಕ್ಕೆ ಹೆಗಲು ಕೊಡ್ದಿದ್ರೆ, ಕಳ್ಳ ಇನ್ನೊಂದ್ಸಲ ಕೊಟ್ಟಿಗೆಗೆ ಯಾಕ್ ಬಂದಾನು?” ಎಂದರು ಅಪ್ಪ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಪರಿಚಯದವನೊಬ್ಬ ಒಳ್ಳೆಯ ಫೋನೊಂದನ್ನು ತೋರಿಸಿ, “ಎರಡು ಸಾವಿರ ಕೊಡು, ಬಿಲ್ಲುಗಿಲ್ಲು ಕೇಳಬೇಡ” ಎಂದ. ನಿಜ ಹೇಳಬೇಕೆಂದರೆ, ನನ್ನ ಮನಸ್ಸು ಆಗಲೇ ಅದನ್ನು ಕೊಂಡಾಗಿತ್ತು. ಒಂದು ದಿನ ಇಟ್ಟುಕೊಂಡು ನೋಡುತ್ತೇನೆಂದು ಮನೆಗೆ ತಂದೆ. ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿದೆ. 15 ಅಂಕಿಗಳು ಮೂಡಿದವು. ಅಪ್ಪನ ಗುಂಡಿ ಫೋನಿನಿಂದ ಕೆವೈಎಂ ಎಂಬ ಮೂರಕ್ಷರಗಳೊಡನೆ ಅವನ್ನು 14422ಕ್ಕೆ ಕಳುಹಿಸಿದೆ. ಉತ್ತರ ಬಂದಿತು: ಕಪ್ಪುಪಟ್ಟಿಯಲ್ಲಿದೆ.

ಯಾರ ಮನೆಯ ಕುರಿಗಳೋ ಅವು! ನನ್ನ ಹಾಗೆಯೇ ಯಾವನೋ ಒಬ್ಬ ಡಬ್ಬ ಹುಡುಕಿ, ದೂರು ಬರೆದು ಹಾಕಿದ ಬೀಗ ನನ್ನ ಕೈಯಲ್ಲಿತ್ತು. ಬೆಳಗಾಗುತ್ತಲೇ ಫೋನನ್ನು ಹಿಂದಿರುಗಿಸಿ, ಪೊಲೀಸ್ ಠಾಣೆಗೆ ಒಪ್ಪಿಸೆಂದು ಅವನಿಗೆ ಹೇಳಿಬಂದೆ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಆ ಬೀಗ ಬಿದ್ದಿರದಿದ್ದರೆ ನಾನು ಕೊಳ್ಳುತ್ತಿರಲಿಲ್ಲವೇ? ಕಳ್ಳ ಕದಿಯುವುದು ತನಗಾಗಿ ಅಲ್ಲ, ಬಿಲ್ಲು ಕೇಳದ ನಮ್ಮಂಥವರಿಗಾಗಿ.

ನನ್ನ ಫೋನು ಇನ್ನೂ ಬಂದಿಲ್ಲ. ದೇವಾಲಯದ ಜಗುಲಿಯಲ್ಲಿ ಕುಳಿತು, ಶಿಲ್ಪಗಳನ್ನು ನೋಡಿ ನೋಡಿ ಬರೆದುಕೊಂಡು ಪ್ರಬಂಧ ಮುಗಿಸಿದೆ. ಮಿತ್ರರಲ್ಲಿ ನನ್ನದೊಂದೇ ವಿನಂತಿ: ನಿಮ್ಮ ಫೋನಿನ 15 ಅಂಕಿಗಳನ್ನು ಈ ಹೊತ್ತೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ನಾನೂ ಒಂದು ಸಾಲು ಖಾಲಿ ಬಿಟ್ಟುಕೊಂಡಿದ್ದೇನೆ.